ಬೆಳೆಯದ ಬೂಂದಿ

ಮೊದಲೇ ಹೇಳಿಬಿಡುತ್ತೇನೆ. ನನಗೆ ಹಲ್ಲಿ ಕಂಡರೆ ಆಗುವುದಿಲ್ಲ. ಗಂಡನನ್ನು ಕಂಡರೂ ಆಗುವುದಿಲ್ಲ. ಆ ಹಲ್ಲಿಯನ್ನು ನನ್ನ ಮನೆಗೆ ತಂದವನು ಗಂಡ.

ಗಂಡ ಎಂದು ಅಭ್ಯಾಸಬಲದಿಂದ ಬರೆಯುತ್ತಿದ್ದೇನೆ. ಸಂಗಣ್ಣನೂ ನಾನೂ ಬೇರೆಯಾಗಿ ಆಗಲೇ ಮೂರು ವರ್ಷವಾಗಿತ್ತು. ಅವನು ಬೇಗೂರಿನಲ್ಲಿ ಅವನ ಅಕ್ಕ ಬಸಮ್ಮನ ಜೊತೆ ಇದ್ದು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಕಾರು ಓಡಿಸುತ್ತಿದ್ದ. ನಾನು ಊರಿನ ಈ ತುದಿಯಲ್ಲಿ, ನಾಗಸಂದ್ರದ ಒಂದು ಮಹಡಿ ಮನೆಯಲ್ಲಿ, ಮಗಳು ನೀಲಾಂಬಿಕಾಳ ಜೊತೆ ಇದ್ದೆ. ಎಂಟಕ್ಕೆ ಬರುತ್ತೇನೆ ಎಂದು ಹನ್ನೊಂದಕ್ಕೆ ಬರುವವನು ಅವನು. ಎಂಟು ಹೊಡೆದು ಐದು ನಿಮಿಷಕ್ಕೆ ಬಾಗಿಲಲ್ಲಿ ನಿಲ್ಲುವವಳು ನಾನು. ಅವನಿಗೆ ನಾನು ಬಿರುಸು, ನನಗೆ ಅವನು ಸಡಿಲು. ಒಂದೇ ಕಡೆ ಕೂರುವ ಭಾಗಗಳಲ್ಲ ಎಂದು ಗೊತ್ತಾಗುವ ಹೊತ್ತಿಗೆ ನೀಲಾ ಹುಟ್ಟಿ ಒಂಬತ್ತು ವರ್ಷವಾಗಿತ್ತು.

ಕೋರ್ಟಿಗೆ ಹೋಗಲಿಲ್ಲ. ಇಳಕಲ್ಲಿನಲ್ಲಿ ನಮ್ಮ ದೊಡ್ಡಪ್ಪ ಚನಬಸಪ್ಪನ ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕೂತು, ಮೂರು ಸಲ ಚಹಾ ಕುಡಿದು ತೀರ್ಮಾನ ಮಾಡಿದರು. ಏಳನೇ ತರಗತಿ ಮುಗಿಯುವವರೆಗೆ ಹುಡುಗಿ ತಾಯಿಯ ಹತ್ತಿರ ಇರಬೇಕು, ಭಾನುವಾರ ಮಾತ್ರ ತಂದೆಯ ಹತ್ತಿರ. ಏಳನೆಯದರ ರಿಸಲ್ಟ್ ಬಂದ ದಿನ ಮುಂದೆ ಯಾರ ಹತ್ತಿರ ಇರುತ್ತೇನೆಂದು ಹುಡುಗಿಯೇ ಬಾಯಿಬಿಟ್ಟು ಹೇಳಬೇಕು. ಅವಳು ಹೇಳಿದ ಮೇಲೆ ಯಾರೂ ತಕರಾರು ಎತ್ತಬಾರದು. ಹಿರಿಯರಿಗೆ ಇದು ಬಲು ನ್ಯಾಯವಾಗಿ ಕಂಡಿತು. ಒಂಬತ್ತು ವರ್ಷದ ಹುಡುಗಿಯ ತಲೆಯ ಮೇಲೆ ಇಂಥ ಹೊರೆ ಹೊರಿಸಿ ಅವರು ಊಟಕ್ಕೆ ಎದ್ದರು.

ಆ ರಿಸಲ್ಟ್ ಬರಬೇಕಾಗಿದ್ದದ್ದು ೨೦೧೬ರ ಏಪ್ರಿಲ್ ಒಂಬತ್ತಕ್ಕೆ. ಸಂಗಣ್ಣ ಹಲ್ಲಿ ತಂದದ್ದು ಅದಕ್ಕೆ ನಾಲ್ಕು ತಿಂಗಳು ಮುಂಚೆ, ಡಿಸೆಂಬರಿನ ಒಂದು ಭಾನುವಾರ ಸಂಜೆ. ಅವನ ಕಾರಿನಲ್ಲಿ ದಿನಾ ಹೋಗುತ್ತಿದ್ದ ಸಾಫ್ಟ್‌ವೇರಿನ ಹುಡುಗನೊಬ್ಬ ಪರದೇಶಕ್ಕೆ ಹೊರಟವನು ಫ್ಲ್ಯಾಟ್ ಖಾಲಿ ಮಾಡುವಾಗ ಸೋಫಾವನ್ನು ಒಬ್ಬರಿಗೆ, ಫ್ರಿಜ್ಜನ್ನು ಒಬ್ಬರಿಗೆ ಕೊಟ್ಟು, ಇದನ್ನು ಇವನ ಕೈಗಿಟ್ಟಿದ್ದ. ಗಾಜಿನ ಪೆಟ್ಟಿಗೆ. ಒಳಗೆ ಬೆರಳುದ್ದದ ಹಳದಿ ಮೈ, ಅಡ್ಡಡ್ಡ ಕಪ್ಪು ಪಟ್ಟೆ. ಲೆಪರ್ಡ್ ಗೆಕ್ಕೊ ಅಂತೆ. ಹುಟ್ಟಿ ಮೂರೇ ತಿಂಗಳಂತೆ. ಗೋಡೆಯ ಹಲ್ಲಿಯಂತೆ ಇದು ಗೋಡೆ ಹತ್ತುವುದಿಲ್ಲ, ಲೊಚಗುಟ್ಟುವುದಿಲ್ಲ. ಕಣ್ಣಿಗೆ ರೆಪ್ಪೆ ಇದೆ. ಮುಚ್ಚಿ ತೆರೆದು, ನೀನು ಯಾರು ಎಂದು ಕೇಳುವವರ ಹಾಗೆ ನೋಡುತ್ತದೆ.

ನೀಲಾ ಕುಣಿದಾಡಿಬಿಟ್ಟಳು. ಬೂಂದಿ ಎಂದು ಆಗಲೇ ಹೆಸರಿಟ್ಟಾಗಿತ್ತು.

"ಬೇಗೂರಾಗ ಯಾಕ ಇಟ್ಕೊಳ್ಳಲಿಲ್ಲ?" ಎಂದೆ.

"ನೋಡ್ಕೊಳ್ಳೋರು ಯಾರಿಲ್ಲಂತ ಬಸಕ್ಕ ಈಗ ಒಲ್ಲೆ ಅಂತಾಳ," ಎಂದ ಸಂಗಣ್ಣ. ಹೊಸ್ತಿಲ ಆಚೆಯೇ ನಿಂತು ನಗುತ್ತಿದ್ದ. "ಮಾದೇವಿ, ನೀ ಇದನ್ನ ಏಪ್ರಿಲ್‌ತನಕ ಜೀವಂತ ಇಟ್ರ ಸಾಕು. ಬೆಳಸೋದನ್ನ ಆಮ್ಯಾಲ ನಾನೂ ನೀಲಾನೂ ನೋಡ್ಕೋತೀವಿ."

"ಕಾರು ರಸ್ತೆದಾಗ ಅಡ್ಡ ನಿಂತೈತಿ. ಕೆಳಗಿಳಿ," ಎಂದು ಬಾಗಿಲು ಹಾಕಿದೆ.

ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು. ಏಪ್ರಿಲ್ ಆದ ಮೇಲೆ ನೀಲಾ ತನ್ನವಳು ಎಂದು ಅವನು ಗಟ್ಟಿ ಮಾಡಿಕೊಂಡುಬಿಟ್ಟಿದ್ದ. ಈ ಹಲ್ಲಿ ಸತ್ತರೆ, ಸೊರಗಿದರೆ, ಅಷ್ಟು ಸಣ್ಣದನ್ನೇ ಸಾಕಲು ಬಾರದವಳು ಮಗಳನ್ನು ಏನು ಸಾಕುತ್ತಾಳೆ ಎಂದು ಹೇಳಲಿಕ್ಕೆ ಒಂದು ನೆಪ ಸಿಗುತ್ತದೆ. ಬೆಳೆಸಿ ತೋರಿಸುತ್ತೇನೆ ಎಂದು ಅವತ್ತೇ ಹಟ ಹಿಡಿದೆ.

ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆ ಕೂಡ ಒಳಗೆ ಬಂದದ್ದಿಲ್ಲ. ಅಂಥವಳು ದಾಸರಹಳ್ಳಿಯ ಹಕ್ಕಿ ಅಂಗಡಿಯಿಂದ ಜೀವಂತ ಹುಳು ತಂದು, ಡಬ್ಬಿಯಲ್ಲಿ ಗೋಧಿ ತೌಡು ಹಾಕಿ ಸಾಕತೊಡಗಿದೆ. ಸಂಜೆ ಚಿಮಟದಿಂದ ಐದು ಹುಳು ಎತ್ತಿ, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ, ಆ ಹಲ್ಲಿಯ ಮೂತಿಯ ಮುಂದೆ ಹಿಡಿದು, ಆಮೇಲೆ ತಲೆಗೆ ಎರೆದುಕೊಳ್ಳುತ್ತಿದ್ದೆ. ಕೆಳಗಿನ ಮನೆಯ ಓನರ್ ಸುಬ್ಬಲಕ್ಷ್ಮಮ್ಮನಿಗೆ ಅದು ಹೇಗೋ ಗೊತ್ತಾಯಿತು.

"ಏನಮ್ಮಾ ಮಾದೇವಿ, ಮೇಲ್ಗಡೆ ಉಳ ಬೆಳೀತಿದೀಯಂತೆ? ನಮ್ ಅಕ್ಕಿ ಮೂಟೆಗೆ ಬಂದ್ರೆ ಏನ್ ಮಾಡೋದು?"

"ಅಕ್ಕಿಗೆ ಬರೋವು ನಿಮ್ಮ ಮನೀ ಹುಳಾರೀ. ನನ್ನವು ತೌಡು ಬಿಟ್ಟು ಬ್ಯಾರೇನೂ ತಿನ್ನಂಗಿಲ್ಲ," ಎಂದೆ. ಆ ತಿಂಗಳೆಲ್ಲ ಆಕೆ ನನಗೆ ನೀರಿನ ಮೋಟರು ಹಾಕಿಕೊಡಲು ಸತಾಯಿಸಿದಳು.

ಇಷ್ಟೆಲ್ಲ ಮಾಡಿದರೂ ಆ ಪ್ರಾಣಿ ಬೆಳೆಯಲಿಲ್ಲ.

ನಾನು ಮಾಡುವ ಕೆಲಸ ಏನೆಂದು ಇಲ್ಲಿ ಹೇಳಬೇಕು. ಪೀಣ್ಯದ ಎರಡನೇ ಹಂತದಲ್ಲಿ ಒಂದು ಸಣ್ಣ ಕಾರ್ಖಾನೆ. ಪಂಪುಗಳ ಒಳಗೆ ಕೂರುವ, ಬಳೆಯಾಕಾರದ ಹಿತ್ತಾಳೆ ಬುಷ್ ಮಾಡುತ್ತೇವೆ. ನಾನು ಅಲ್ಲಿ ಇನ್‌ಸ್ಪೆಕ್ಟರ್. ಮಶೀನಿನಿಂದ ಬಂದದ್ದನ್ನು ಅಳೆದು ಸರಿ ಇದ್ದರೆ ಹಸಿರು ಟ್ರೇಗೆ, ಇಲ್ಲದಿದ್ದರೆ ಕೆಂಪು ಟ್ರೇಗೆ ಹಾಕುವವಳು. ಹದಿನಾಲ್ಕು ವರ್ಷದಲ್ಲಿ ನಾನು ಹಸಿರಿಗೆ ಹಾಕಿದ ಒಂದೇ ಒಂದು ಪೀಸು ಗಿರಾಕಿಯ ಮನೆಯಿಂದ ವಾಪಸು ಬಂದಿಲ್ಲ. ಅಳೆಯದೆ ಇರುವ ಯಾವುದನ್ನೂ ನಾನು ನಂಬುವುದಿಲ್ಲ. ಬಾಯಿಮಾತು ಯಾರು ಬೇಕಾದರೂ ಆಡುತ್ತಾರೆ, ಸಂಗಣ್ಣನೂ ಆಡುತ್ತಾನೆ.

ಹಾಗಾಗಿ ಬಂಗಾರದಂಗಡಿಯವರು ಇಟ್ಟುಕೊಳ್ಳುವಂಥ ಅಂಗೈಯಗಲದ ತಕ್ಕಡಿ ತಂದೆ. ಕಾರ್ಖಾನೆಯಲ್ಲಿ ಸವೆದು ಮೂಲೆಗೆ ಬಿದ್ದಿದ್ದ ಒಂದು ವರ್ನಿಯರನ್ನು ಕೇಳಿ ತಂದೆ. ದಪ್ಪ ಉದ್ದ ಅಳೆಯಲು ನಾವು ದಿನಾ ಹಿಡಿಯುವ ಉಪಕರಣ ಅದು. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಹಲ್ಲಿಯನ್ನು ಎತ್ತಿ ಬಟ್ಟಲಲ್ಲಿಟ್ಟು ತೂಗುತ್ತಿದ್ದೆ. ಸಂಜೆ ಮೆಟ್ರೊ ಇಳಿದು ಬಂದವಳು ಚಪ್ಪಲಿ ಬಿಟ್ಟ ಕೂಡಲೇ ಮತ್ತೆ ತೂಕ, ಜೊತೆಗೆ ಮೂತಿಯಿಂದ ಬಾಲದ ತುದಿಯವರೆಗೆ ಅಳತೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಅಡುಗೆಮನೆ ಗೋಡೆಗೆ ಗ್ರಾಫ್ ಹಚ್ಚಿದೆ. ತಕ್ಕಡಿ ತಂದ ದಿನ ಒಂಬತ್ತು ಗ್ರಾಂ. ಸಂಕ್ರಾಂತಿಗೆ ಒಂಬತ್ತು ಪಾಯಿಂಟ್ ಎರಡು. ಜನವರಿ ಕೊನೆಗೆ ಎಂಟು ಪಾಯಿಂಟ್ ಎಂಟು. ಗೆರೆ ಮೇಲೇಳಲೇ ಇಲ್ಲ.

ಗೆರೆ ಇಳಿದಾಗಲೆಲ್ಲ ಏನಾದರೂ ಬದಲಾಯಿಸುತ್ತಿದ್ದೆ. ಪೆಟ್ಟಿಗೆಯ ತಳದ ಬಿಸಿಪಟ್ಟಿ ಒಂದು ದಿನ ಜಾಸ್ತಿ, ಇನ್ನೊಂದು ದಿನ ಕಡಿಮೆ. ಮರಳು ತೆಗೆದು ಪೇಪರ್ ಹಾಸಿದೆ, ಪೇಪರ್ ತೆಗೆದು ಟೈಲ್ಸ್ ಹಾಕಿದೆ. ಹುಳು ಬಿಟ್ಟು ಸಣ್ಣ ಮಿಡತೆ ತಂದೆ, ಅವು ಮನೆಯೆಲ್ಲ ಹಾರಿ ದೇವರ ಮಾಡದಲ್ಲಿ ಸೇರಿಕೊಂಡವು. ಪೆಟ್ಟಿಗೆಯನ್ನು ಕಿಟಕಿಯಿಂದ ಕಪಾಟಿಗೆ, ಕಪಾಟಿನಿಂದ ಮಂಚದ ಕೆಳಕ್ಕೆ ಸರಿಸಿದೆ. ನಾನು ಕೈ ಇಟ್ಟರೆ ಅದು ಬಾಲ ಎತ್ತಿ ನಿಧಾನಕ್ಕೆ ಅಲ್ಲಾಡಿಸುತ್ತಿತ್ತು. ನನ್ನನ್ನು ಕಂಡು ಖುಷಿಪಡುತ್ತಿದೆ ಎಂದುಕೊಂಡಿದ್ದೆ.

"ಅಮ್ಮ, ಬಿಡಮ್ಮ. ಅದಕ್ಕೆ ಭಯ ಆಗ್ತಿದೆ," ಎಂದಳು ನೀಲಾ ಒಂದು ಸಂಜೆ.

ನಾನು ನನ್ನ ತಾಯಿಯನ್ನು ಅವ್ವ ಎನ್ನುತ್ತಿದ್ದೆ. ಇವಳು ಬೆಂಗಳೂರಿನಲ್ಲಿ ಹುಟ್ಟಿ ನನ್ನನ್ನು ಅಮ್ಮ ಎನ್ನುತ್ತಾಳೆ. ಇರಲಿ. ಆದರೆ ಆ ದನಿಯಲ್ಲಿ ಬೇಗೂರು ಕೇಳಿಸಿತು.

"ನಿಮ್ಮಪ್ಪ ಹೇಳಿಕೊಟ್ಟನೇನು?"

"ಎಲ್ಲಾದಕ್ಕೂ ಅಪ್ಪನ್ನ ಯಾಕೆ ತರ್ತೀಯ?"

"ಮತ್ತ್ಯಾರು ತಂದ್ರು ಇದನ್ನ?"

ಅವಳು ಪುಸ್ತಕ ಎತ್ತಿಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತಳು. ನಾನು ಅಳತೆ ಮುಗಿಸಿದೆ.

ಭಾನುವಾರಗಳು ಇನ್ನೂ ಕೆಟ್ಟವು. ಸಂಗಣ್ಣ ಮಗಳನ್ನು ಕರೆದೊಯ್ಯಲು ಬಂದವನು ಗಾಜಿನೊಳಗೆ ಇಣುಕಿ, "ಹೆಂಗೈತಿ ಕೂಸು? ಹೋದ ವಾರದಷ್ಟ ಐತೆಲ್ಲ," ಎನ್ನುತ್ತಿದ್ದ. ಗೋಡೆಯ ಗ್ರಾಫ್ ನೋಡಿ, "ನನ್ನನ್ನೂ ಹಿಂಗ ಅಳದಿ, ಮಗಳನ್ನೂ ಹಿಂಗ ಅಳೀತಿ. ಒಬ್ಬರಾದ್ರೂ ನಿನ್ನ ಅಳತಿಗೆ ಬಂದ್ರೇನ?" ಎನ್ನುತ್ತಿದ್ದ. ನನಗೆ ಆ ತಕ್ಕಡಿಯನ್ನೇ ಅವನ ಹಣೆಗೆ ಬೀಸಬೇಕು ಎನಿಸುತ್ತಿತ್ತು. ನೀಲಾ ಕಾರು ಹತ್ತುವಾಗ ನಗುತ್ತಿದ್ದಳು. ಸಂಜೆ ಇಳಿಯುವಾಗ ಆ ನಗು ಇರುತ್ತಿರಲಿಲ್ಲ. ಆ ನಗು ಎಲ್ಲಿ ಕಳೆದುಹೋಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಹೊಸ್ತಿಲಲ್ಲಿ.

ಮಾರ್ಚ್ ನಡುವೆ ತೂಕ ಎಂಟೂವರೆಗೆ ಇಳಿಯಿತು. ಬಾಲ ಪೆನ್ಸಿಲಿನಷ್ಟಾಯಿತು. ನನಗೆ ನಿಜವಾಗಿ ದಿಗಿಲಾಯಿತು. ಶನಿವಾರ ಅರ್ಧ ದಿನ ರಜೆ ಹಾಕಿ, ಹಲ್ಲಿಯನ್ನು ತೂತು ಹಾಕಿದ ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು, ನೀಲಾಳನ್ನೂ ಕರೆದುಕೊಂಡು, ಹಕ್ಕಿ ಹಾವುಗಳನ್ನು ನೋಡುವ ಒಬ್ಬ ಡಾಕ್ಟರ ಹತ್ತಿರ ಹೋದೆ. ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ. ಹಲ್ಲಿಯ ಬಾಯಿ ನೋಡಿದ, ಹೊಟ್ಟೆ ನೋಡಿದ, ಹಿಕ್ಕೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ.

"ಹುಳದ ತೊಂದ್ರೆ ಇಲ್ಲ, ಸೋಂಕಿಲ್ಲ. ದಿನಕ್ಕೆ ಎಷ್ಟು ಸಲ ಕೈಗೆ ಎತ್ಕೊಳ್ತೀರ ಮೇಡಂ?"

"ಎರಡ ಸಲ್ರಿ. ಮುಂಜಾನಿ ತೂಕ. ಸಂಜೀಕ ತೂಕ, ಅಳತಿ," ಎಂದು ನೋಟ್‌ಬುಕ್ ಮುಂದಿಟ್ಟೆ. ಅವನು ಹಾಳೆ ತಿರುವುತ್ತಾ ಹೋದ.

"ಇಷ್ಟು ನೀಟಾಗಿ ನಮ್ ಕಾಲೇಜಲ್ಲೂ ಯಾರೂ ಬರೀತಿರ್ಲಿಲ್ಲ."

ನಾನು ಉಬ್ಬಿದೆ.

"ಕಾಯಿಲೆ ಇದ್ರಲ್ಲೇ ಇದೆ ನೋಡಿ," ಎಂದ ಅವನು ನೋಟ್‌ಬುಕ್ ಮುಚ್ಚಿ. "ಇದಕ್ಕೆ ಮೇಲಿಂದ ಕೈ ಬಂತು ಅಂದ್ರೆ ಹದ್ದು ಬಂದ ಹಾಗೆ. ಅದು ಬಾಲ ಆಡಿಸೋದು ಖುಷಿಗಲ್ಲ ಮೇಡಂ, ಹೆದರ್ಕೊಂಡು. ದಿನಾ ಎರಡು ಸಲ ಹದ್ದು ಎತ್ಕೊಂಡು ಹೋಗಿ ವಾಪಸ್ ಬಿಟ್ರೆ ನಿಮಗೆ ಊಟ ಸೇರತ್ತಾ? ಅದರ ಜೊತೆ ದಿನಕ್ಕೊಂದು ಬಿಸಿ, ದಿನಕ್ಕೊಂದು ನೆಲ. ಮೂರು ವಾರ ಮುಟ್ಬೇಡಿ. ಹುಳ ಬಟ್ಟಲಲ್ಲಿಡಿ, ನೀರಿಡಿ, ಬಿಸಿ ಒಂದೇ ಥರ ಇರ್ಲಿ. ಅಷ್ಟೇ."

"ತೂಕ?"

"ತೂಕನೂ ಬೇಡ."

ಮಗ್ಗುಲಲ್ಲಿ ಕೂತಿದ್ದ ನೀಲಾ ನಕ್ಕಳು. ಗೆದ್ದವರ ನಗು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಸ್ಸಿನಲ್ಲಿ ಅವಳು, "ನಾನು ಜನವರೀಲೇ ಹೇಳಿರ್ಲಿಲ್ವಾ?" ಎಂದಳು. "ನೀ ಡಾಕ್ಟರೇನ?" ಎಂದೆ. "ನೀನು ಡಾಕ್ಟರಾ?" ಎಂದಳು. ನಾಗಸಂದ್ರ ಬರುವವರೆಗೆ ಇಬ್ಬರೂ ಬೇರೆ ಬೇರೆ ಕಿಟಕಿ ನೋಡುತ್ತಾ ಕೂತೆವು.

ಆ ಹುಡುಗ ಡಾಕ್ಟರನ ಮಾತನ್ನು ನಾನು ಒಪ್ಪಲಿಲ್ಲ. ಒಪ್ಪಿದ್ದು ಸೋಮವಾರ, ಅದೂ ಬೇರೊಬ್ಬರಿಗೆ ಬೈಯುತ್ತಾ. ನಮ್ಮಲ್ಲಿ ಭರಮಪ್ಪ ಎಂಬ ಹೊಸ ಆಪರೇಟರ್ ಇದ್ದ, ಕುಷ್ಟಗಿ ಕಡೆಯವನು. ಅವನ ಮಶೀನಿನಿಂದ ಬಂದ ಬುಷ್‌ಗಳು ಒಂದು ದೊಡ್ಡದು, ಒಂದು ಸಣ್ಣದು, ಒಂದಕ್ಕೊಂದು ತಾಳೆಯಿಲ್ಲ. ಹೋಗಿ ನೋಡಿದರೆ ಒಂದೊಂದು ಪೀಸು ತೆಗೆದಾಗಲೂ ಅಳೆದು ಆಫ್‌ಸೆಟ್ ತಿದ್ದುತ್ತಿದ್ದಾನೆ. ಆಫ್‌ಸೆಟ್ ಎಂದರೆ ಇಷ್ಟು ಜಾಸ್ತಿ ಕೊರೆ, ಇಷ್ಟು ಕಡಿಮೆ ಕೊರೆ ಎಂದು ಮಶೀನಿಗೆ ಹೇಳುವ ಅಂಕಿ.

"ಭರಮಪ್ಪಾ, ಪೀಸಿಗೊಮ್ಮೆ ಅದನ್ನ ಯಾಕ ತಿರುವತಿ? ಮಶೀನ್ ಕೆಟ್ಟಿಲ್ಲ, ನೀ ಕೆಡಸಾಕತ್ತೀ. ಹತ್ತು ಪೀಸ್ ಹೋಗಲಿ, ತಾನ ಹಾದಿಗೆ ಬರ್ತೈತಿ. ಅಲ್ಲೀತನ ಕೈ ಕಟ್ಕೊಂಡು ನಿಂದ್ರು."

"ಅಕ್ಕಾರ, ಕೈ ಕಟ್ಕೊಂಡು ನಿಂತ್ರ ಎದಿ ಡವಡವ ಅಂತೈತ್ರಿ," ಎಂದ ಅವನು. "ಮುಟ್ಟಿದ್ರ ಏನೋ ಮಾಡೀನಿ ಅಂತ ಸಮಾಧಾನ."

ನನ್ನ ಮೇಲೆ ಬರಬೇಕಾದ ಸಿಟ್ಟು ಅವನ ಮೇಲೆಯೇ ಬಂದು, ಅವನ ಎಂಟು ಪೀಸುಗಳನ್ನು ಎತ್ತಿ ಕೆಂಪು ಟ್ರೇಗೆ ಹಾಕಿ ನನ್ನ ಟೇಬಲ್ಲಿಗೆ ಬಂದೆ. ಅವತ್ತು ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ. ಮೂರು ತಿಂಗಳು ಆ ಜೀವವನ್ನು ಬೆಳೆಯಗೊಡದೆ ಹಿಡಿದವಳು ನಾನೇ ಎಂದು ಯಾರ ಹತ್ತಿರ ಹೇಳಿಕೊಳ್ಳಲಿ?

ಸಂಜೆ ಮನೆಗೆ ಬಂದು ತಕ್ಕಡಿಯನ್ನು ಅಟ್ಟದ ಮೇಲೆ ಎಸೆದೆ. ಗ್ರಾಫ್ ಕಿತ್ತೆ. ಡಾಕ್ಟರು ಹೇಳಿದ ಮೂರು ವಾರ ಇವತ್ತಿನಿಂದ ಎಣಿಸಿದರೆ ರಿಸಲ್ಟಿನ ಆಸುಪಾಸಿಗೇ ಬರುತ್ತಿತ್ತು.

"ಇವತ್ತಿಂದ ನೀನ ನೋಡ್ಕೊ," ಎಂದೆ ನೀಲಾಳಿಗೆ. ಅವಳು ನಂಬದೆ ನನ್ನ ಮುಖ ನೋಡಿದಳು. ಆಮೇಲೆ ತನ್ನ ಹಳೆಯ ಯೂನಿಫಾರ್ಮಿನ ವೇಲು ತಂದು ಪೆಟ್ಟಿಗೆಯ ಗಾಜಿಗೆ ಇಳಿಬಿಟ್ಟಳು.

ಹೆರಿಗೆ ನೋವೂ ಇಷ್ಟು ಕಾಡಿರಲಿಲ್ಲ. ಸಂಜೆ ಏಳಕ್ಕೆ ನನ್ನ ಕೈ ತಾನಾಗಿ ಅತ್ತ ಹೋಗುತ್ತಿತ್ತು. ಪಾತ್ರೆ ತಿಕ್ಕಿದೆ, ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ. ಮೊದಲ ವಾರ ಬಟ್ಟಲಿಗೆ ಹಾಕಿದ ಐದು ಹುಳುವೂ ಬೆಳಿಗ್ಗೆ ಹಾಗೇ ಇರುತ್ತಿದ್ದವು. ಎರಡನೇ ವಾರ ಮೂರು ಉಳಿದವು. ಆಮೇಲೆ ಒಂದೂ ಉಳಿಯಲಿಲ್ಲ. ನೀಲಾ ವೇಲಿನ ಅಂಚು ಸರಿಸಿ ಇಣುಕಿ, ಪಿಸುಗುಟ್ಟುತ್ತಾ ಬಂದು ನನಗೆ ವರದಿ ಒಪ್ಪಿಸುತ್ತಿದ್ದಳು. "ಬಾಲ ದಪ್ಪ ಆಗ್ತಿದೆ ಅಮ್ಮ. ಅದು ಕೊಬ್ಬೆಲ್ಲ ಬಾಲದಲ್ಲೇ ಕೂಡಿಡೋದು. ನಮ್ಮ ಬೆರಳಷ್ಟಾಗಿದೆ."

"ಯಾವ ಬೆರಳಷ್ಟು?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡೆ. ಅವಳು ನಕ್ಕುಬಿಟ್ಟಳು. ನಾನೂ ನಕ್ಕೆ. ಪರೀಕ್ಷೆಯ ಮಾರ್ಕ್ಸ್ ಎಷ್ಟು ಬರಬಹುದೆಂದು ನಾನು ಆ ವಾರ ಕೇಳಲಿಲ್ಲ. ಅವಳು ತಲೆ ಬಾಚಿಸಿಕೊಳ್ಳಲು ನನ್ನ ಮುಂದೆ ಬಂದು ಕೂತಳು. ಎರಡು ವರ್ಷದಿಂದ ಅವಳೇ ಬಾಚಿಕೊಳ್ಳುತ್ತಿದ್ದಳು. ಏಪ್ರಿಲ್ ಒಂಬತ್ತಕ್ಕೆ ಏನು ಹೇಳುತ್ತೀ ಎಂದು ಕೇಳದೆ ಜಡೆ ಹೆಣೆದೆ.

ಆ ದಿನ ಬಂತು. ಸ್ಕೂಲಿಗೆ ಹೋಗಿ ಕಾರ್ಡು ತಂದೆವು, ಪಾಸಾಗಿದ್ದಳು. ಹನ್ನೊಂದು ಗಂಟೆಗೆ ಬರುತ್ತೇನೆ ಎಂದ ಸಂಗಣ್ಣ ಜನ್ಮದಲ್ಲಿ ಮೊದಲ ಸಲ ಹನ್ನೊಂದಕ್ಕೇ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ದೊಡ್ಡ ಖಾಲಿ ಬ್ಯಾಗು. ಮಗಳ ಬಟ್ಟೆಗೆ.

"ಬಟ್ಟಿ ಕಟ್ಟಿ ಇಟ್ಟೀಯೇನವಾ?"

"ನಾನಿನ್ನೂ ಏನೂ ಹೇಳಿಲ್ಲ ಅಪ್ಪ. ಕೂತ್ಕೋ. ಹೇಳ್ತೀನಿ," ಎಂದಳು ನೀಲಾ.

ಅವನು ಕೂರಲಿಲ್ಲ. ಪೆಟ್ಟಿಗೆಯ ಕಡೆ ನೋಡಿದ. "ಇದೇನು, ಅರಿವಿ ಹೊಚ್ಚಿ ಇಟ್ಟೀರಿ? ಐತೋ, ಹೋತೋ?"

"ಐತಿ. ಬೆಳದೈತಿ," ಎಂದೆ.

"ಎಷ್ಟು?"

"ತೂಗಿಲ್ಲ."

ಅವನು ತೊಡೆ ತಟ್ಟಿಕೊಂಡು ನಕ್ಕ. "ನೀ ತೂಗಿಲ್ಲ? ಹದಿನೈದು ವರ್ಷಾತು ನಿನ್ನ ನೋಡಾಕತ್ತು. ಸುಳ್ಳ ಹೇಳಾಕರ ಕಲೀಬಾರದೇನ? ಸೊರಗೈತಿ, ಅದಕ್ಕ ಮುಚ್ಚಿಟ್ಟೀ. ಒಂದು ಹಲ್ಲಿ ಸಾಕಾಕ ಆಗಲಿಲ್ಲ ನಿನ್ನ ಕೈಲೆ."

ಬೇರೆ ಏನು ಬೇಕಾದರೂ ಅನ್ನಬಹುದಿತ್ತು. ಸುಳ್ಳಿ ಅಂದ. ನಾನು ಮಂಚ ಹತ್ತಿ ಅಟ್ಟಕ್ಕೆ ಕೈ ಹಾಕಿದೆ.

"ಅಮ್ಮ, ಬೇಡ," ಎಂದಳು ನೀಲಾ. "ನಾನು ಹೇಳ್ತೀನಿ ಅಪ್ಪಂಗೆ. ನಾನು ನೋಡಿದೀನಲ್ಲ. ಬೇಡಮ್ಮ."

ನನಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ಈಗ ಹೇಳುವುದಿಲ್ಲ. ತಕ್ಕಡಿ ಇಳಿಸಿ, ಬಟ್ಟಲು ಇಟ್ಟು, ವೇಲು ಸರಿಸಿ, ಮೂರು ವಾರದಿಂದ ಮುಟ್ಟದಿದ್ದ ಹಲ್ಲಿಯನ್ನು ಎತ್ತಿದೆ. ಬೆಚ್ಚಗಿತ್ತು, ಕೈ ತುಂಬ ಭಾರವಿತ್ತು. ಆ ಭಾರಕ್ಕೇ ನನ್ನ ಕಣ್ಣು ತುಂಬಿಬಂತು. ಬಟ್ಟಲಲ್ಲಿಟ್ಟೆ. ಹತ್ತು ಪಾಯಿಂಟ್ ಆರು.

"ನೋಡು! ಎಂಟೂವರೆ ಇತ್ತು. ನೋಡು!" ಎಂದು ಕೂಗಿದೆ.

"ತಕ್ಕಡೀನೂ ನಿಂದು, ಅಂಕೀನೂ ನಿಂದು," ಎಂದ ಸಂಗಣ್ಣ. "ಕೊಡಿಲ್ಲಿ, ಕೈಯಾಗ ಹಿಡದು ನೋಡ್ತೀನಿ." ಬಟ್ಟಲಿಗೆ ಕೈ ಹಾಕಿ ಅದರ ಮೈ ಹಿಡಿದ. ನಾನು ಈಚೆಯಿಂದ ಹಿಡಿದೆ.

"ಬಿಡು."

"ನೀ ಬಿಡು. ನಾ ತಂದದ್ದು."

"ಬೆಳಸಿದಾಕಿ ನಾನು."

ನ್ಯಾಯವಾಗಿ ಹೇಳಬೇಕಾದರೆ ಇಬ್ಬರೂ ಎಳೆದೆವು. ನನ್ನ ಮುಷ್ಟಿಯಲ್ಲಿ ಏನೋ ಮೆತ್ತಗೆ ಸಡಿಲಿಸಿಕೊಂಡಿತು. ಬಿಚ್ಚಿ ನೋಡಿದರೆ ಬಾಲ. ಬರೀ ಬಾಲ, ಅಂಗೈಯಲ್ಲಿ ಮೀನಿನಂತೆ ಹೊರಳಾಡುತ್ತಿತ್ತು. ಸಂಗಣ್ಣ ಚೀರಿ ಕೈಬಿಟ್ಟ. ಹಲ್ಲಿ ನೆಲಕ್ಕೆ ಬಿದ್ದು ಹಿಟ್ಟಿನ ಡಬ್ಬಿಯ ಹಿಂದೆ ನುಗ್ಗಿತು.

ನೀಲಾ ಅಳಲಿಲ್ಲ. ಮಂಡಿಯೂರಿ ಕೂತು, ನೆಲದ ಮೇಲೆ ಅಂಗೈ ಚಾಚಿ, ಅದು ತಾನಾಗಿ ಬರುವವರೆಗೆ ಕಾದಳು. ಎಷ್ಟು ಹೊತ್ತೋ. ನಾವಿಬ್ಬರೂ ಮನೆಗೆ ಬೆಂಕಿ ಹಚ್ಚಿದವರಂತೆ ನಿಂತಿದ್ದೆವು. ಅದನ್ನು ಪೆಟ್ಟಿಗೆಯಲ್ಲಿ ಬಿಟ್ಟು, ವೇಲು ಇಳಿಬಿಟ್ಟು, ನನ್ನ ಫೋನು ತೆಗೆದುಕೊಂಡು ಡಾಕ್ಟರಿಗೆ ಮಾಡಿದಳು. ಮಾತು ಮುಗಿಸಿ ನಮ್ಮ ಕಡೆ ತಿರುಗಿದಾಗ ಅವಳ ಮುಖ ಇಳಕಲ್ಲಿನ ಹಿರಿಯರೆಲ್ಲರಿಗಿಂತ ಮುದಿಯಾಗಿತ್ತು.

"ಬಾಲ ಮತ್ತೆ ಬರತ್ತಂತೆ. ಎರಡು ಮೂರು ತಿಂಗಳು ಬೇಕಂತೆ. ಅಲ್ಲೀವರೆಗೂ ಪೆಟ್ಟಿಗೇನ ಎಲ್ಲಿಗೂ ಸಾಗಿಸ್ಬಾರ್ದು. ಕೂಡಿಟ್ಟಿದ್ದೆಲ್ಲ ಹೋಗಿದೆ, ಇನ್ನೊಂದ್ಸಲ ಹೆದರಿದ್ರೆ ಉಳಿಯಲ್ಲ."

"ಹಂಗಾರ ಅದು ಇಲ್ಲೇ ಇರಲಿ. ನೀ ಬಾ," ಎಂದ ಸಂಗಣ್ಣ.

"ಇವಳ ಹತ್ರ ಬಿಟ್ಟು?"

ಇವಳ ಎಂದಳು. ನನ್ನನ್ನು.

"ಬಾಲ ಪೂರ್ತಿ ಬರೋವರೆಗೂ ನಾನು ಇಲ್ಲೇ ಇರ್ತೀನಿ. ಬಂದ್ಮೇಲೆ ಬೂಂದೀನ ಕರ್ಕೊಂಡು ಬೇಗೂರಿಗೆ ಬರ್ತೀನಿ. ಅಪ್ಪ ಯಾವ್ದನ್ನೂ ನೋಡ್ಕೊಳ್ಳಲ್ಲ, ಅಳೆಯೋದೂ ಇಲ್ಲ. ಅದೇ ವಾಸಿ." ನನ್ನನ್ನು ನೋಡದೆ ಹೇಳಿದಳು, "ಇವತ್ತು ಬೆಳಿಗ್ಗೆವರೆಗೂ, ಅಮ್ಮನ ಹತ್ರಾನೇ ಇರ್ತೀನಿ ಅಂತ ಹೇಳೋಣ ಅಂತಿದ್ದೆ."

ಸಂಗಣ್ಣ ಖಾಲಿ ಬ್ಯಾಗು ಮಡಚಿಕೊಂಡು ಹೊರಟ. ಸೋತೆನೋ ಗೆದ್ದೆನೋ ಎಂದು ಅವನಿಗೂ ತಿಳಿದಿರಲಿಲ್ಲ. ಮೆಟ್ಟಿಲವರೆಗೆ ಹೋಗಿ, "ನಿನ್ನಿಂದ ಆತು," ಎಂದ. "ನಿನ್ನಿಂದ," ಎಂದೆ ನಾನು.

ಈಗ ಮೇ ತಿಂಗಳು. ಹುಡುಗಿಗೆ ರಜೆ. ಭಾನುವಾರವೂ ಬೇಗೂರಿಗೆ ಹೋಗುವುದಿಲ್ಲ, ಪೆಟ್ಟಿಗೆ ಬಿಟ್ಟು ಕದಲುವುದಿಲ್ಲ. ನನ್ನ ಜೊತೆ ಬೇಕಾದಷ್ಟು ಮಾತ್ರ ಆಡುತ್ತಾಳೆ, ಬಾಡಿಗೆಗೆ ಇರುವವರ ಹಾಗೆ. ಆದರೂ ಅವಳು ಮನೆಯಲ್ಲಿದ್ದಾಳೆ. ಸಂಜೆ ಬಂದಾಗ ಬಾಗಿಲಲ್ಲಿ ಅವಳ ಚಪ್ಪಲಿ ಇರುತ್ತದೆ. ಬಾಲ ಕಿತ್ತದ್ದಕ್ಕೆ ಸಿಕ್ಕ ಈ ಎರಡು ತಿಂಗಳ ಬಗ್ಗೆ ನನಗೆ ಸಂತೋಷವಾಗಿದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಸಂತೋಷವಾಗಿದೆ.

ಮೊನ್ನೆ ಅವಳು ಕುಣಿಯುತ್ತಾ ಬಂದಳು. ಯಾರ ಜೊತೆ ಮಾತಾಡುತ್ತಿದ್ದೇನೆ ಎಂಬುದು ಒಂದು ಗಳಿಗೆ ಮರೆತಿರಬೇಕು. "ಅಮ್ಮ, ಮೊಳಕೆ ಬಂದಿದೆ! ಗೋಧಿ ಕಾಳಷ್ಟು!" ನಾನು ನಗಬೇಕಿತ್ತು. ಬೆಳೆ, ಬೆಳೆ ಎಂದು ನಾಲ್ಕು ತಿಂಗಳು ದೇವರಿಗೆ ಕೈ ಮುಗಿದವಳು ಅವತ್ತಿನಿಂದ ಬೆಳೆಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಇವತ್ತು ನೀಲಾ ಸ್ನಾನಕ್ಕೆ ಹೋಗುವಾಗ, ಹುಳು ಹಾಕು, ಪೆಟ್ಟಿಗೆಯೊಳಗೆ ಬಟ್ಟಲು ಬಿಟ್ಟು ಬೇರೇನೂ ಮುಟ್ಟಬೇಡ ಎಂದಳು. ಐದು ವಾರದಲ್ಲಿ ಮೊದಲ ಸಲ. ಡಬ್ಬಿ ಹಿಡಿದು ನಿಂತೆ. ಐದರ ಬದಲು ಎರಡು ಹಾಕಿದರೆ ಬಾಲ ಎಷ್ಟು ದಿನ ತಡವಾಗುತ್ತದೆ ಎಂಬುದು ನನಗೆ ಬಿಟ್ಟರೆ ಯಾರಿಗೂ ತಿಳಿಯುವಂಥದ್ದಲ್ಲ. ಬಚ್ಚಲಲ್ಲಿ ನೀರಿನ ಸದ್ದು ಇನ್ನೂ ಕೇಳುತ್ತಿತ್ತು.

ಐದು ಎಣಿಸಿ ಹಾಕಿದೆ. ಹಲ್ಲಿ ಗೂಡಿನಿಂದ ಹೊರಗೆ ಬಂದು, ರೆಪ್ಪೆ ತೆರೆದು ನನ್ನನ್ನು ನೋಡಿತು.

"ತಿನ್ನಬ್ಯಾಡ," ಎಂದೆ.

ಅದು ತಿಂದಿತು.